ದೋಬ್ರಿಂಕಾಳ ಹಟಮಾರಿ ತೋಳು

ತೂಕ ಇಳಿಸುವ ಹೆಂಗಸು ಬೀದಿಗೊಬ್ಬಳು ಇರುತ್ತಾಳೆ. ನಮ್ಮ ಬೀದಿಗೆ ದೋಬ್ರಿಂಕಾ. ಬೆಳಗಾದರೆ ಅಂಗಳದಲ್ಲಿ ನಿಂತು, ಕೆಂಪು ದೊಣ್ಣೆಮೆಣಸಿನ ಚಟ್ನಿ ತುಂಬಿದ ಎರಡು ಜಾಡಿಗಳನ್ನು ತಲೆಯ ಮೇಲಕ್ಕೆ ಎತ್ತುತ್ತಾಳೆ, ಇಳಿಸುತ್ತಾಳೆ. ಹೊಟ್ಟೆ ಕರಗಿತು, ಸೊಂಟ ಕಂಡಿತು, ತೋಳು ಮಾತ್ರ ಜಗ್ಗಲಿಲ್ಲ. ಅವಳು ಕೈಬೀಸಿ ಕರೆದರೆ, ಕೈ ನಿಂತ ಮೇಲೂ ತೋಳಿನ ಮಾಂಸ ಕರೆಯುತ್ತಲೇ ಇರುತ್ತದೆ. ಬ್ರೆಡ್ಡು ಬಿಟ್ಟಳು, ಹಂದಿಕೊಬ್ಬು ಬಿಟ್ಟಳು. ನಮ್ಮ ಚರ್ಚಿನಲ್ಲಿ ಬದುಕಿರುವವರ ಹೆಸರಲ್ಲಿ ಹಚ್ಚುವ ಮೇಣದಬತ್ತಿ ಮೇಲಿನ ತಟ್ಟೆಗೆ, ಸತ್ತವರದ್ದು ಕೆಳಗಿನದಕ್ಕೆ. ಅವಳು ಗಂಡನಿಗೆಂದು ಮೇಲಕ್ಕೆ ಕೈ ಚಾಚಿ, "ತೋಳಿಗೂ ಒಳ್ಳೇದು ಕಣೇ" ಅನ್ನುತ್ತಾಳೆ. ನಾನು ಪಕ್ಕದಲ್ಲಿ ಬಗ್ಗಿರುತ್ತೇನೆ. ಆ ಗಂಡ ಬ್ಲಾಗೊಯೆ ದಿನಾ ಬೆಂಚಿನ ಮೇಲೆ ಕೂತು ಕೂಗುತ್ತಾನೆ: "ಪೂರ್ತಿ ಕರಗಿಸ್ಬೇಡ್ವೇ, ರಾತ್ರಿ ತಲೆ ಎಲ್ಲಿಡ್ಲಿ?" "ದಿಂಬಿನ ಮೇಲಿಡಯ್ಯಾ ಮುದುಕಾ!" ಎಂದು ಇವಳು ನಗುತ್ತಾಳೆ. ಬೇಲಿಯ ಈಚೆ ನನ್ನ ಹೊಟ್ಟೆ ಉರಿಯುತ್ತದೆ. ಮೊನ್ನೆ ಕಾಫಿಗೆ ಬಂದವಳು ನನ್ನ ಕರಿ ಅಂಗಿಯ ತೋಳನ್ನು ಸರಕ್ಕನೆ ಮೇಲೇರಿಸಿದಳು. ವರ್ಷವಿಡೀ ಮುಚ್ಚಿಟ್ಟಿದ್ದ ಕೈ ಅದು. "ಅಯ್ಯೋ ಸ್ತಾಮೆನಾ, ಹುಡುಗಿ ತೋಳಿದ್ದಂಗಿದೆಯಲ್ಲೇ! ಏನ್ ಮಾಡ್ದೆ, ನಂಗೂ ಹೇಳೇ." ನಾನೇನೂ ಮಾಡಿರಲಿಲ್ಲ. ನನ್ನ ಗಂಡ ಮಿಲೆಂಕೊ ತೀರಿಹೋದ ಮೇಲೆ ಒಬ್ಬಳಿಗಾಗಿ ಒಲೆ ಹಚ್ಚಲು ಮನಸ್ಸು ಬರಲಿಲ್ಲ, ಅಷ್ಟೇ. "ಹೇಳಲ್ಲ ಹೋಗೇ" ಅಂದೆ. "ಹೊಟ್ಟೆಕಿಚ್ಚು ನಿಂಗೆ!" ಎಂದು ನಕ್ಕಳು. ಆಚೆಯಿಂದ ಬ್ಲಾಗೊಯೆ ಅವಳನ್ನು ಊಟಕ್ಕೆ ಕರೆಯುತ್ತಿದ್ದ. "ಹೂಂ ಕಣೇ, ಹೊಟ್ಟೆಕಿಚ್ಚೇ" ಅಂದೆ, ಅಂಗಿಯನ್ನು ಮಣಿಕಟ್ಟಿನವರೆಗೂ ಎಳೆದುಕೊಂಡು.