ಸದ್ದಿಲ್ಲದೆ ಬಿದ್ದ ಕರ್ನಲ್

ಕಳೆದ ಭಾನುವಾರ ಬೆಳಿಗ್ಗೆ ನಾನೊಂದು ಕರ್ನಲ್ ಅನ್ನು ಬೇಕಂತಲೇ ಕೆಡವಿದೆ. ಅದು ಓಡುತ್ತಿದ್ದ ಲ್ಯಾಪ್‌ಟಾಪಿಗೆ ಗೊತ್ತೇ ಆಗಲಿಲ್ಲ.

ಕರ್ನಲ್ ಅಂದರೆ ಕಂಪ್ಯೂಟರಿನ ಒಳಗಿನ ಯಜಮಾನ. ಯಾವ ಪ್ರೋಗ್ರಾಮಿಗೆ ಮೆಮೊರಿ ಬೇಕು, ಡಿಸ್ಕ್ ಬೇಕು ಅಂದರೂ ಅದನ್ನೇ ಕೇಳಬೇಕು. ಅದು ಬಿದ್ದರೆ ಇಡೀ ಯಂತ್ರ ಸ್ತಬ್ಧ. ಆದರೆ ಲಿನಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆಯಲ್ಲಿ ಒಂದು ಅನುಕೂಲ ಇದೆ. ಇನ್ನೊಂದು ಕರ್ನಲ್ ಅನ್ನು ಕ್ಯಾಲ್ಕುಲೇಟರ್ ತೆರೆದ ಹಾಗೆ, ಸಾಧಾರಣ ಪ್ರೋಗ್ರಾಮ್ ಆಗಿ ಓಡಿಸಬಹುದು. ಪಾಪ, ಅದು ಇಡೀ ಯಂತ್ರ ತನ್ನದೇ ಅಂದುಕೊಂಡಿರುತ್ತದೆ. (ನಾವೂ ಹಾಗೇ ಅಲ್ಲವೇ?)

ಅರಸೀಕೆರೆಯ ಕಾಲೇಜೊಂದರಲ್ಲಿ ನಾನು ಪಾಠ ಮಾಡುವುದು ಇದನ್ನೇ. ಸೋಮವಾರದ ಲ್ಯಾಬಿಗೆ ತಯಾರಿ ನಡೆಸಿದ್ದೆ. ಒಂದು ವಿಂಡೋದಲ್ಲಿ ‘ಕರ್ನಲ್ ಪ್ಯಾನಿಕ್’ ಅಂತ ಬಂತು, ಅಂದರೆ ಒಳಗಿನ ಕರ್ನಲ್ ಬಿತ್ತು. ಪಕ್ಕದ ವಿಂಡೋದಲ್ಲಿ ಬರುತ್ತಿದ್ದ ಹಾಡು ನಿಲ್ಲಲೇ ಇಲ್ಲ. ಖುಷಿಯೋ ಖುಷಿ. ಯಾರಿಗಾದರೂ ತೋರಿಸೋಣ ಅಂತ ತಿರುಗಿದೆ. ಮನೆಯಲ್ಲಿ ಇರುವುದು ನಾನೊಬ್ಬನೇ.

ಮಂಗಳವಾರ ಸಂಜೆ ಅಡುಗೆಮನೆಯಲ್ಲಿ ತಲೆ ತಿರುಗಿ ಬಿದ್ದೆ. ಪ್ರಜ್ಞೆ ಇತ್ತು, ಏಳಲು ಆಗಲಿಲ್ಲ. ಫೋನು ಹಾಲ್‌ನಲ್ಲಿ ಚಾರ್ಜಿಗಿತ್ತು. ಗೋಡೆಯಾಚೆ ಪಕ್ಕದ ಮನೆಯಲ್ಲಿ ಕುಕ್ಕರ್ ಮೂರು ಸಲ ಕೂಗಿತು, ಸೀರಿಯಲ್ ಶುರುವಾಯಿತು, ಯಾರೋ ನಕ್ಕರು. ನಾನು ಇಲ್ಲೇ ಸತ್ತರೂ ಯಾರಿಗೂ ತಿಳಿಯುವುದಿಲ್ಲ ಅನ್ನಿಸಿ ನಿಜಕ್ಕೂ ಹೆದರಿದೆ. ಕೂಗಲು ಬಾಯಿ ತೆರೆದೆ, ಹಾಗೇ ಮುಚ್ಚಿದೆ. ಒಳಗೆ ಏನೇ ಆದರೂ ಹೊರಗಿನವರಿಗೆ ತೊಂದರೆ ಆಗಬಾರದು, ಅದೇ ಇಂಥ ಕರ್ನಲ್‌ನ ಹೆಚ್ಚುಗಾರಿಕೆ ಅಂತ ಹಿಂದಿನ ದಿನವಷ್ಟೇ ಲ್ಯಾಬಿನಲ್ಲಿ ಬೋರ್ಡಿನ ಮೇಲೆ ಬರೆದು ಅಡಿಗೆರೆ ಎಳೆದಿದ್ದೆ.

ಅರ್ಧ ಗಂಟೆಯ ಮೇಲೆ ನಾನೇ ಎದ್ದೆ. (ಬಿ.ಪಿ. ಏರುಪೇರು ಅಂತ ಡಾಕ್ಟರು ಆಮೇಲೆ ಹೇಳಿದರು.)

ಮರುದಿನ ಬೆಳಿಗ್ಗೆ ಗೇಟಿನ ಹತ್ತಿರ ಪಕ್ಕದ ಮನೆಯ ಯಜಮಾನರು ಸಿಕ್ಕರು. ಕೊಬ್ಬರಿ ವ್ಯಾಪಾರ ಅವರದು. ಎಂದಿನಂತೆ ಚೆನ್ನಾಗಿದ್ದೀರಾ ಅಂತ ಕೇಳಿದರು. ಎಂದಿನಂತೆ ಆರಾಮ ಅನ್ನಬೇಕಿತ್ತು. ಅದೇನಾಯಿತೋ, ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಅವರ ಮುಖ ಚಿಕ್ಕದಾಯಿತು.

“ನಮ್ಮನೆ ಇರೋದು ಗೋಡೆ ಆಚೆಗೇ ಅಲ್ವಾ ಮೇಷ್ಟ್ರೇ?” ಅಂದರು. “ನನ್ ಹೆಸ್ರು ಹಿಡ್ದು ಒಂದ್ ಕೂಗು ಹಾಕಿದ್ರೆ ಓಡಿ ಬತ್ತಿರ್ಲಿಲ್ವಾ?”

ತಲೆಯಾಡಿಸಿದೆ. ಆರು ವರ್ಷದಿಂದ ಪಕ್ಕದಲ್ಲೇ ಇದ್ದೇನೆ. ಈಗ ಯಾವ ಮುಖ ಹೊತ್ತು ಅವರ ಹೆಸರು ಕೇಳಲಿ?