ನಡುವೆ ಬಿಚ್ಚಬಾರದ ಸುರುಳಿ

ನಾರಿನ್ ಕಣಿವೆಯ ಸಾಯ್ರಾಕಾನ್ ಮೂವತ್ತು ವರ್ಷಗಳಿಂದ ಉಣ್ಣೆಹಾಸು ಮಾಡುತ್ತ ಬಂದವಳು. ಅದು ನೇಯುವ ಕೆಲಸವಲ್ಲ. ಉಣ್ಣೆ ಹರಡಿ, ಬಿಸಿನೀರು ಚಿಮುಕಿಸಿ, ಜೊಂಡಿನ ಚಾಪೆಯಲ್ಲಿ ಬಿಗಿಯಾಗಿ ಸುತ್ತಿ, ಗಂಟೆಗಟ್ಟಲೆ ಒದ್ದು ಉರುಳಿಸಿದರೆ ಎಳೆಗೆ ಎಳೆ ತಾನಾಗಿ ಹೆಣೆದುಕೊಳ್ಳುತ್ತದೆ. ಹದವಾಯಿತೇ ಎಂದು ನಡುವೆ ಬಿಚ್ಚಿ ನೋಡಿದ ಹೊಸಬರನ್ನು ಅವಳು ಸುಮ್ಮನೆ ಬಿಟ್ಟದ್ದಿಲ್ಲ.

ಒಂದು ಮಧ್ಯಾಹ್ನ ಕುರಿಯ ಉಣ್ಣೆ ತೆಗೆಯುವಾಗ ಗಂಡ ಎಸೆನ್‌ಬೆಕ್‌ನ ಕತ್ತರಿ ಜಾರಿ ಎಡ ಅಂಗೈಯನ್ನು ಸೀಳಿತು. ಬೇರೆಯವರಿಗೆ ಅದು ಹೇಳಿಕೊಳ್ಳುವಂಥ ಗಾಯವಲ್ಲ. ಆದರೆ ಅವನ ಹೃದಯದಲ್ಲಿ ಎರಡು ವರ್ಷದಿಂದ ಲೋಹದ ಕವಾಟವಿತ್ತು. ಅದರ ಮೇಲೆ ರಕ್ತ ಹೆಪ್ಪುಗಟ್ಟದಂತೆ ದಿನವೂ ಗುಳಿಗೆ ನುಂಗುತ್ತಿದ್ದ. ಕವಾಟ ಯಾವುದು, ಅಂಗೈ ಯಾವುದು ಎಂಬ ಭೇದ ಗುಳಿಗೆಗೆ ತಿಳಿಯದು.

ಸಾಯ್ರಾಕಾನ್ ತನ್ನ ತಾಯಿ ಮಾಡುತ್ತಿದ್ದಂತೆ ಹಳೆಯ ಹಾಸಿನ ಚೂರೊಂದನ್ನು ಸುಟ್ಟು, ಆ ಕರಿಯನ್ನು ಗಾಯಕ್ಕೆ ಮೆತ್ತಿ ಬಟ್ಟೆಯಿಂದ ಒತ್ತಿದಳು. ಎತ್ತಿ ನೋಡಿದರೆ ಕೆಂಪು. ಮತ್ತೆ ಮೆತ್ತಿದಳು, ಮತ್ತೆ ಎತ್ತಿದಳು. ಕೆಂಪೇ.

"ಕುರಿಗೆ ತಾಗಿದ್ರೆ ಇಷ್ಟು ನಡುಗ್ತಿರ್ಲಿಲ್ಲ ಬಿಡು ನೀನು, ಮುದುಕಿ," ಎಂದ ಎಸೆನ್‌ಬೆಕ್. ಅವನ ತುಟಿ ಬಿಳಚಿಕೊಂಡಿತ್ತು.

ಅವಳು ಊರಿನ ನರ್ಸ್ ಜಿಪಾರ್‌ಗೆ ಫೋನ್ ಮಾಡಿ ನಡೆದದ್ದು ಹೇಳಿದಳು.

"ಹೊರಟೆ ಅಕ್ಕಾ. ಎಷ್ಟು ಹೊತ್ತಿಂದ ಒತ್ತಿದೀರಿ?"

"ಕಾಲು ಗಂಟೆ. ನಿಮಿಷಕ್ಕೊಂದ್ಸಲ ನೋಡ್ತಿದೀನಿ, ನಿಲ್ತಾನೇ ಇಲ್ಲ ಕಣೇ."

"ಹಾಸು ಉರುಳಿಸೋವಾಗ ನಿಮಿಷಕ್ಕೊಂದ್ಸಲ ಬಿಚ್ತೀರಾ?"

ಸಾಯ್ರಾಕಾನ್ ಬಟ್ಟೆಯ ಅಂಚಿನಿಂದ ಬೆರಳು ತೆಗೆದಳು.

"ರಕ್ತದಲ್ಲೂ ಅದೇ ನಡೆಯೋದು. ಮೊದ್ಲು ಸಣ್ಣ ಕಣಗಳು ಬಂದು ಗಾಯಕ್ಕೆ ಅಂಟ್ಕೊಳ್ತಾವೆ. ಆಮೇಲೆ ಎಳೆ ಹುಟ್ಟಿ ಅವನ್ನೆಲ್ಲ ಹೆಣೆಯುತ್ತೆ. ಗುಳಿಗೆ ತಗೊಳ್ಳೋರಿಗೆ ಆ ಎಳೆ ತುಂಬ ನಿಧಾನ. ಎತ್ತಿದಾಗೆಲ್ಲ ನೀವೇ ಅದನ್ನ ಹರೀತಿದೀರಿ. ಕೈ ಮೇಲಕ್ಕೆತ್ತಿ ಒತ್ತಿ ಹಿಡೀರಿ. ನಾನು ಬರೋವರ್ಗೂ ನೋಡ್ಬೇಡಿ."

"ಇನ್ನಷ್ಟು ಕರಿ ಹಾಕ್ಲಾ?"

"ಬೇಡ. ಒತ್ತೋದೇ ಮದ್ದು."

ನೋಡದೆ ಒತ್ತುವುದು ನೋಡಿ ಒತ್ತುವುದಕ್ಕಿಂತ ಭಯಂಕರವಾಗಿತ್ತು. ಬಟ್ಟೆಯ ಒದ್ದೆ ಹಳೆಯದೋ ಹೊಸದೋ ತಿಳಿಯಲಿಲ್ಲ. ಎಸೆನ್‌ಬೆಕ್ ತಮಾಷೆ ನಿಲ್ಲಿಸಿದ್ದ. ರಕ್ತಕ್ಕಿಂತ ಆ ಮೌನಕ್ಕೇ ಅವಳು ಹೆಚ್ಚು ಹೆದರಿದಳು.

"ಏನಾದ್ರೂ ಮಾತಾಡು."

"ಒತ್ತು ಅಂದಿದ್ದು ಅವಳು. ಕೈ ಮುರಿ ಅನ್ಲಿಲ್ಲ."

ಜಿಪಾರ್ ಬಂದು ಬಟ್ಟೆಯ ಅಂಚನ್ನಷ್ಟೇ ಮೆಲ್ಲಗೆ ಸರಿಸಿದಳು. ಕಪ್ಪುಗೆಂಪು ಪದರವೊಂದು ಗಾಯದ ಬಾಯಿಗೆ ಕಚ್ಚಿಕೊಂಡಿತ್ತು, ಏನೂ ಹರಿಯುತ್ತಿರಲಿಲ್ಲ. ಅದನ್ನು ಕದಲಿಸದೆ ಪಟ್ಟಿ ಕಟ್ಟಿದಳು.

"ಇವತ್ತಿನ ಗುಳಿಗೆ ಬಿಡಿಸ್ಲಾ?" ಸಾಯ್ರಾಕಾನ್ ಕೇಳಿದಳು.

"ಡಾಕ್ಟರನ್ನ ಕೇಳ್ಕೊಂಡೇ ಬಂದೆ. ಬಿಡೋ ಹಾಗಿಲ್ಲ. ಬಿಟ್ರೆ ಇಂಥದೇ ಹೆಪ್ಪು ಕವಾಟದ ಮೇಲೆ ಕೂರುತ್ತೆ."

ಅಂಗೈಗೆ ಬೇಡಿಕೊಂಡ ಹೆಪ್ಪೇ ಎದೆಗೆ ಬಾರದಿರಲಿ ಎಂದು ಬೇಡಬೇಕಿತ್ತು. ಸಾಯ್ರಾಕಾನ್ ಗುಳಿಗೆಯನ್ನು ಅವನ ಬಲಗೈಗೆ ಹಾಕಿದಳು. ಒತ್ತಿ ಮರಗಟ್ಟಿದ ಅವಳ ಬೆರಳುಗಳು ಇನ್ನೂ ನೆಟ್ಟಗಾಗಿರಲಿಲ್ಲ.