ಸುಕ್ಕೋತ್ ಗುಡಿಸಲು, ಕಾಕಾನ ತಾಡಪತ್ರಿ

ಹಾಸ್ಟೆಲ್ ಮುಂದೆ ಹೊಸ ತಾಡಪತ್ರಿಯ ವಾಸನೆ ಬಂತು, ಕಾಗವಾಡದ ನಮ್ಮ ಅಂಗಳ ನೆನಪಾಯಿತು. ನಾವು ಯಹೂದಿಗಳು. ಸುಕ್ಕೋತ್ ಹಬ್ಬಕ್ಕೆ ಅಜ್ಜ ಕಬ್ಬಿನ ಒಣಗರಿಯ ಗುಡಿಸಲು ಕಟ್ಟುತ್ತಿದ್ದರು; ಹಬ್ಬದ ದಿನಗಳಲ್ಲಿ ಊಟ ಅದರಲ್ಲೇ. ಗರಿಯ ಸಂದಿಯಲ್ಲಿ ಚುಕ್ಕಿ ಕಾಣಬೇಕು, ಅದು ನಿಯಮ. ಒಂದು ವರ್ಷ ಹಬ್ಬದ ಸಂಜೆ ಮೋಡ ಕವಿದಿತ್ತು. ಅಜ್ಜ ನ್ಯುಮೋನಿಯಾದಿಂದ ಆಗಷ್ಟೇ ಎದ್ದಿದ್ದರು. ಪಕ್ಕದ ಮನೆಯ ಬಸು ಕಾಕಾ ಕಾಳಜಿಯಿಂದ ಗುಡಿಸಲಿಗೆ ತಾಡಪತ್ರಿ ಹೊದಿಸಿಬಿಟ್ಟರು.

“ತಗೀಪಾ ಬಸು,” ಅಂದರು ಅಜ್ಜ.

“ತೊಯ್ಸಿಕೊಂಡ್ರ ಮತ್ತ ದವಾಖಾನಿಗೆ ನಾನ ಹೊರಬೇಕ್ರಿ ನಿಮ್ಮನ್ನ!”

“ಖುಷಿಲೆ ಇರಾಕಂತ ಇಟ್ಟ ಹಬ್ಬ ಇದು. ಮಳಿ ಬಂದ್ರ ಒಳಗ ಹೋಗ್ರಿ ಅಂತನೂ ಐತಿ. ಬರೂಕಿಂತ ಮೊದಲ ಯಾಕ ಓಡೂದು?”

ಕಾಕಾ ಗೊಣಗುತ್ತ ತೆಗೆದರು. ಅಮ್ಮ ಕಂಬಳಿ ಹಿಡಿದು ಬಾಗಿಲಲ್ಲೇ ನಿಂತಳು. ಮಳೆ ಬಂದೀತೆಂದು ನಾನು ಆಕಾಶ ನೋಡುತ್ತಲೇ ಉಂಡೆ. ಅಜ್ಜ ಮಾತ್ರ ಎರಡನೇ ಸಲ ಅನ್ನ ಹಾಕಿಸಿಕೊಂಡರು.

ನಾಳೆ ನನ್ನ ಮೊದಲ ಇಂಟರ್ನಲ್ಸ್ ಪರೀಕ್ಷೆ. ಓದಿದ್ದು ಸಾಲದು ಅನ್ನಿಸುತ್ತಿದೆ. ಆದರೂ ಮೆಸ್ಸಿಗೆ ಹೋಗಿ ಹೊಟ್ಟೆ ತುಂಬ ಉಣ್ಣುತ್ತೇನೆ; ಪರೀಕ್ಷೆ ನಾಳೆ, ಇಂದು ಸುಕ್ಕೋತ್ ಹಬ್ಬ.